ಸ್ವಲ್ಪ ಜರುಗಿ

ನಾಲ್ಕು ಜನ ಕೂರುವ ಬೆಂಚಿನಲ್ಲಿ ಆರು ಜನ.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು
ನನ್ನ ಹೋಟೆಲಿಗೆ ಹೆಸರಿಲ್ಲ, ಬೋರ್ಡೂ ಇಲ್ಲ.
ಇದ್ದದ್ದು ಒಂದು ಮಾತು:
‘ಸ್ವಲ್ಪ ಜರುಗಿ.’
ಅಂದರೆ ಸಾಕು, ತೊಡೆಗೆ ತೊಡೆ ಒತ್ತಿ
ಅಂಗೈಯಗಲ ಜಾಗ ಹುಟ್ಟುತ್ತಿತ್ತು,
ಅಷ್ಟರಲ್ಲೇ ಒಬ್ಬ ಇಡೀ ಮನುಷ್ಯ, ಅವನ ತಟ್ಟೆ,
ನಿನ್ನೆಯ ಹರಾಜಿನಲ್ಲಿ ಅವನು ಸೋತ ದರ.

ಬೆಳಗಿನ ಐದಕ್ಕೆ ರೀಲರುಗಳು ಬರುವರು.
ಕುದಿವ ನೀರಲ್ಲಿ ಗೂಡು ಆಡಿಸಿ ಆಡಿಸಿ
ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದವರು,
ಮೈಯೆಲ್ಲ ಹುಳುವಿನ ವಾಸನೆ.
ನನ್ನ ಸಾಂಬಾರಿಗೂ ಅದಕ್ಕೂ ಯಾವತ್ತೂ ಜಗಳವಿರಲಿಲ್ಲ.
ಖಲಂದರ್ ಸಾಬರಿಗೆ ಗೋಡೆ ಮೂಲೆಯೇ ಆಗಬೇಕು.
ಮೂರು ಇಡ್ಲಿ, ಚಟ್ನಿ ಬೇಡ,
ಲೋಟದಲ್ಲಿ ಬೇರೆ ಸಾಂಬಾರು, ಮೇಲೊಂದು ಚಮಚ ಸಕ್ಕರೆ.
ಸಕ್ಕರೆ ಯಾಕೆ ಸಾಬ್ರೇ ಅಂದರೆ
‘ತಿನ್ನೋನು ನೀನಾ?’

ಯುಗಾದಿಗೆ ಕಟ್ಟಿದ ಮಾವಿನ ತೋರಣ
ಮುಚ್ಚಿದ ಶಟರಿನ ಮೇಲೇ ಒಣಗಿತು.
ಸಪ್ಲೈಯರು ಬೈರೇಶ, ಚೇಳೂರಿನವನು,
ಎರಡು ರಾತ್ರಿ ಅಕ್ಕಿ ಮೂಟೆಯ ಮೇಲೆ ಮಲಗಿದ್ದು
ಮೂರನೆಯ ದಿನ ನಡೆದೇ ಹೊರಟ.
ಕೈಗೆ ಕೊಟ್ಟದ್ದು ಒಂದು ಡಬ್ಬಿ ಚಿತ್ರಾನ್ನ, ಇನ್ನೂರು ರೂಪಾಯಿ.
ಇನ್ನೂರು ಅಂತ ಹೇಳಲು ಈಗಲೂ ನಾಲಗೆ ತಡವರಿಸುತ್ತದೆ.

ಅಶ್ವತ್ಥಮ್ಮ ಮಾತ್ರ ದಿನಾ ಸಂಜೆ
ಒಂದು ಪಾವು ಅಕ್ಕಿ, ಮುಷ್ಟಿ ಉದ್ದು ರುಬ್ಬುವಳು.
ಹತ್ತು ಸೇರಿನ ಗ್ರೈಂಡರಿನ ಹೊಟ್ಟೆಯಲ್ಲಿ
ಆ ಚೂರು ಹಿಟ್ಟು ದಿಕ್ಕು ತಪ್ಪಿದಂತೆ ಸುತ್ತುವುದು.
ಯಾರಿಗೇ ಇದು?
‘ಯಾರಿಗೂ ಅಲ್ಲ. ಹಳೇ ಹಿಟ್ಟು ಸಾಯಬಾರದು.
ನಿಮ್ಮಮ್ಮ ಬಿಟ್ಟುಹೋದ ಹುಳಿ.’
ನಾವಿಬ್ಬರೂ ತಿಂದು, ಬೀದಿ ನಾಯಿಗೂ ಹಾಕಿ,
ಒಂದು ಸೌಟು ನಾಳೆಗೆ ಎತ್ತಿಡುವಳು.
ಮಳಿಗೆಯ ಓನರು ಫೋನು ಮಾಡಿದಾಗೆಲ್ಲ
ನಾನು ಆ ಪಾತ್ರೆಯ ಕಡೆ ನೋಡುತ್ತಿದ್ದೆ. ಉಬ್ಬುತ್ತಿತ್ತು.
ಅದಕ್ಕೇನು, ಸುದ್ದಿ ಗೊತ್ತಿಲ್ಲ.

ಆಮೇಲೆ ಪಾರ್ಸೆಲ್ ಮಾತ್ರ ಅಂದರು.
ಮಾರಿಗೊಂದರಂತೆ ಸುಣ್ಣದ ವೃತ್ತ ನಾನೇ ಬರೆದೆ.
ಸಾಂಬಾರಿನ ಕವರಿಗೆ ದಾರ ಬಿಗಿಯಲು ಹೋಗಿ
ಮೊದಲ ವಾರ ಬೆರಳೆಲ್ಲ ಬೊಬ್ಬೆ.
ಮನೆ ಮುಟ್ಟುವಷ್ಟರಲ್ಲಿ ಇಡ್ಲಿ ಬೆವತು ಮುದ್ದೆ.
ಲಾಠಿ ಹಿಡಿದ ಹುಡುಗ ಗೇಟಿನಿಂದ ಕೂಗಿದ:
‘ಏ, ಸ್ವಲ್ಪ ಜರುಗಿ, ಜರುಗಿ!’
ನನ್ನದೇ ಮಾತು. ನನ್ನ ಬೆಂಚಿನಿಂದ ಕದ್ದದ್ದು.
ಹತ್ತಿರಕ್ಕೆಳೆಯಲು ಇಷ್ಟು ವರ್ಷ ಬಳಸಿದ್ದನ್ನು
ತಿರುವಿ ಹಿಡಿದು ಜನರನ್ನು ದೂಡುತ್ತಿದ್ದ.

ಖಲಂದರ್ ಸಾಬರು ಎರಡನೆಯ ಅಲೆಯಲ್ಲಿ ಹೋದರು.
ಮಗ ಬಂದ, ವೃತ್ತದೊಳಗೇ ನಿಂತ.
‘ಅಬ್ಬಾದು ಲೆಕ್ಕ ಎಷ್ಟಿದೆ?’
ಪುಸ್ತಕದಲ್ಲಿ ಮುನ್ನೂರ ನಲವತ್ತು.
ಬೇಡ ಹೋಗಪ್ಪ ಅಂದೆ ಎಂದು ಹೇಳಿಕೊಳ್ಳಲು ಆಸೆ.
ತಗೊಂಡೆ. ಗ್ಯಾಸಿನವನು ಬಾಗಿಲಲ್ಲೇ ನಿಂತಿದ್ದ.

ಈಗ ಮತ್ತೆ ಬೆಂಚಿಗೆ ಆರು ಜನ, ಒಮ್ಮೊಮ್ಮೆ ಐದು.
ಬೈರೇಶ ಬರಲಿಲ್ಲ.
ಹೊಸ ಹುಡುಗನಿಗೆ ಒಂದೇ ಕೈಲಿ ನಾಲ್ಕು ತಟ್ಟೆ ಹಿಡಿಯಲು ಬಾರದು.
ಮೊನ್ನೆ ಕೈವಾರದ ಕಡೆಯ ಗೂಡಿನ ಹುಡುಗನೊಬ್ಬ
‘ಸ್ವಲ್ಪ ಜರುಗಿ’ ಅನ್ನುತ್ತ ಎಲ್ಲರ ಮೊಣಕಾಲು ದಾಟಿ
ಗೋಡೆ ಮೂಲೆಗೆ ಹೋಗಿ ಕೂತ.
ನನ್ನ ಕೈ ನನ್ನ ಮಾತು ಕೇಳಲಿಲ್ಲ:
ಮೂರು ಇಡ್ಲಿ, ಚಟ್ನಿ ಇಲ್ಲ,
ಲೋಟದ ಸಾಂಬಾರಿನ ಮೇಲೆ ಕರಗುತ್ತಿರುವ ಸಕ್ಕರೆ.
‘ನಾನು ಸಕ್ಕರೆ ಕೇಳಿಲ್ಲ ಯಜಮಾನ್ರೇ.’
ಗೊತ್ತು, ತಿನ್ನು.
ಒಂದು ತುತ್ತು ಅದ್ದಿ ತಿಂದ, ಮುಖ ಕಿವುಚಿದ,
ಚಟ್ನಿ ತರಿಸಿಕೊಂಡ.